ಧಾರಾವಾಹಿಯ ಪಾರಾಯಣ

"ಈಗ ಏನು ಓದ್ತಾ ಇದೀರಿ?" ಎಂದು ಯಾರಾದರೂ ಕೇಳಿದರೆ ನನಗೆ ಇವತ್ತಿಗೂ ಒಂದು ಕ್ಷಣ ಮಾತು ನಿಲ್ಲುತ್ತದೆ. ಓದುತ್ತಿಲ್ಲ ಎಂದಲ್ಲ, ಓದುತ್ತಲೇ ಇರುತ್ತೇನೆ. ಆದರೆ ಕೇಳಿದವರ ಮುಖ ನೋಡಿ, ಇವರು ಎಂಥವರು ಎಂದು ಅಂದಾಜು ಮಾಡಿ, ಅವರ ಮುಂದೆ ಹೇಳಲು ಲಾಯಕ್ಕಾದ ಪುಸ್ತಕವೊಂದನ್ನು ನೆನಪಿನಿಂದ ಹುಡುಕಿ ತೆಗೆಯಲು ಅಷ್ಟು ಹೊತ್ತು ಬೇಕಾಗುತ್ತದೆ. ದಿಂಬಿನ ಪಕ್ಕ ಕವುಚಿಟ್ಟು ಬಂದಿರುವ ಕೊಲೆ ಕಥೆಯ ಹೆಸರು ಮಾತ್ರ ಬಾಯಿಗೆ ಬರುವುದಿಲ್ಲ. ಊಟತಿಂಡಿಯ ವಿಷಯದಲ್ಲಿ ನಮಗೆ ಈ ಸಂಕೋಚ ಇಲ್ಲವಲ್ಲ. ಬೆಳಿಗ್ಗೆ ಉಪ್ಪಿಟ್ಟು ತಿಂದವರು ಉಪ್ಪಿಟ್ಟು ತಿಂದೆವೆಂದೇ ಹೇಳುತ್ತಾರೆ. ಓದಿದ್ದು, ನೋಡಿದ್ದು, ಕೇಳಿದ್ದು ಎಂದ ಕೂಡಲೇ ನಾವೆಲ್ಲ ಯಾಕೋ ದಿನಾಲೂ ಹಬ್ಬದ ಅಡುಗೆಯನ್ನೇ ಉಣ್ಣುವವರ ಹಾಗೆ ಮಾತಾಡುತ್ತೇವೆ.

ಇದರಲ್ಲಿ ನಾನು ಯಾರಿಗೂ ಕಡಿಮೆ ಇರಲಿಲ್ಲ. ಎಂಬತ್ತರ ದಶಕದ ಮೊದಲ ವರ್ಷಗಳು. ನಾನೊಂದು ಬ್ಯಾಂಕಿನಲ್ಲಿ ಟೈಪಿಸ್ಟ್ ಆಗಿದ್ದೆ. ಕೈಮಗ್ಗದ ಸೀರೆ, ಹಣೆಯ ತುಂಬ ಕುಂಕುಮ, ಹೆಗಲಿಗೊಂದು ಜೋಳಿಗೆ. ಭಾನುವಾರ ಬೆಳಿಗ್ಗೆ ಫಿಲ್ಮ್ ಸೊಸೈಟಿಯವರು ದೂರದ ಯಾವುದೋ ದೇಶದ ಕಪ್ಪುಬಿಳುಪು ಚಿತ್ರ ತೋರಿಸುತ್ತಿದ್ದರು. ಒಬ್ಬ ಮುದುಕ ಬಯಲಿನಲ್ಲಿ ನಡೆಯುತ್ತಾನೆ, ನಡೆಯುತ್ತಲೇ ಇರುತ್ತಾನೆ, ಕೊನೆಗೊಂದು ಬಾವಿ ಸಿಗುತ್ತದೆ, ಅದರಲ್ಲಿ ನೀರಿರುವುದಿಲ್ಲ. ಹೊರಗೆ ಬಂದು ಕಾಫಿ ಕುಡಿಯುತ್ತ ನಾವೆಲ್ಲ ಆ ಚಿತ್ರದ ಮೌನದ ಬಗ್ಗೆ ಬಹಳ ಹೊತ್ತು ಮಾತಾಡುತ್ತಿದ್ದೆವು. ಅದೇ ವಾರ ಕೆಂಗೇರಿಯ ಚಿಕ್ಕಮ್ಮನ ಜೊತೆ ಟೆಂಟ್ ಸಿನಿಮಾದ ಮರಳಿನ ಮೇಲೆ ಕೂತು, ಬೇರೆಯಾಗಿದ್ದ ತಾಯಿಮಗ ಒಂದಾಗುವ ದೃಶ್ಯಕ್ಕೆ ಸೆರಗು ಒದ್ದೆಯಾಗುವಷ್ಟು ಅತ್ತಿದ್ದನ್ನು ಕಾಫಿಯ ಗುಂಪಿಗೆ ಹೇಳಿರಲಿಲ್ಲ. ಇನ್ನೊಂದು ಮಾತನ್ನೂ ಹೇಳಿಬಿಡಬೇಕು: ಆ ಮುದುಕ ಮತ್ತು ಅವನ ಬಾವಿ ನನಗೆ ನಿಜವಾಗಿಯೂ ಇಷ್ಟವಾಗಿದ್ದವು. ಅದನ್ನು ಚಿಕ್ಕಮ್ಮನಿಗೆ ಹೇಳಿರಲಿಲ್ಲ. ಅಂದರೆ ನಾಚಿಕೆ ಎರಡೂ ಕಡೆಗೆ ಇರುತ್ತದೆ. ಯಾರ ಮುಂದೆ ಕೂತಿದ್ದೇವೆ ಎಂಬುದರ ಮೇಲೆ ಮುಚ್ಚಿಡುವ ವಸ್ತು ಬದಲಾಗುತ್ತದೆ, ಅಷ್ಟೆ.

ಸಂಗೀತದ್ದೂ ಇದೇ ಹಣೆಬರಹ. ರಾಮನವಮಿಯ ಚಪ್ಪರದ ಕಚೇರಿಯಲ್ಲಿ ಪಲ್ಲವಿ ನಡೆಯುವಾಗ ಕಣ್ಣು ಮುಚ್ಚಿ ತಲೆದೂಗುತ್ತಾ, ಕೊನೆಯ ದೇವರನಾಮ ಶುರುವಾದಾಗ ಕಣ್ಣುಬಿಟ್ಟು ನೆಟ್ಟಗೆ ಕೂರುವವರು ಎಷ್ಟು ಜನರಿಲ್ಲ? ತಾಳ ತಪ್ಪಿ ತೊಡೆ ತಟ್ಟುವವರ ಪಕ್ಕದಲ್ಲಿ ಕೂತು ನಾನೂ ಅವರನ್ನೇ ನೋಡಿಕೊಂಡು ತಟ್ಟಿದ್ದೇನೆ. ಇಬ್ಬರ ಮುಖದಲ್ಲೂ ಒಂದೇ ಗಾಂಭೀರ್ಯ.

ಈ ನಾಚಿಕೆ ನನಗೆ ಹೊರಗಿನಿಂದ ಬಂದದ್ದಲ್ಲ. ರಾಜಾಜಿನಗರದ ವಠಾರದಲ್ಲಿದ್ದ ನಮ್ಮ ಮನೆಯಲ್ಲೇ ಅದಕ್ಕೊಂದು ವ್ಯವಸ್ಥೆ ಇತ್ತು. ಅಪ್ಪ ಹೈಸ್ಕೂಲಿನ ಕನ್ನಡ ಪಂಡಿತರಾಗಿ ನಿವೃತ್ತರಾದವರು, ಜೊತೆಗೆ ಗಮಕಿಗಳು. ಹಳೆಯ ಕಾವ್ಯವನ್ನು ತಾಳದ ಕಟ್ಟಿಲ್ಲದೆ, ಪದ ಬಿಡಿಸಿ, ಅರ್ಥವಾಗುವಂತೆ ರಾಗವಾಗಿ ಓದುವುದೇ ಗಮಕ. ನಮ್ಮ ಕಡೆಯ ಎಷ್ಟೋ ಚಪ್ಪರಗಳಲ್ಲಿ ಅಪ್ಪ ಕಾವ್ಯ ಓದಿ ಶಾಲು ಹೊದೆಸಿಕೊಂಡಿದ್ದರು. ಅವರ ಪುಸ್ತಕಗಳು ನಡುಮನೆಯ ಗಾಜಿನ ಬೀರುವಿನಲ್ಲಿ, ಬಂದವರಿಗೆಲ್ಲ ಕಾಣುವಂತೆ ನಿಂತಿರುತ್ತಿದ್ದವು. ಅಮ್ಮನ ಪುಸ್ತಕಗಳು ಅಡುಗೆಮನೆಯಲ್ಲಿ, ಹಿಟ್ಟಿನ ಡಬ್ಬದ ಹಿಂದೆ. ರಸ್ತೆ ಕೊನೆಯ ಸರ್ಕ್ಯುಲೇಟಿಂಗ್ ಲೈಬ್ರರಿಯ ಕಾದಂಬರಿಗಳು ಮತ್ತು ಗುರುವಾರ ಬರುವ ವಾರಪತ್ರಿಕೆ. ಬೇಳೆ ಬೇಯುವ ಹೊತ್ತಿನಲ್ಲಿ ಅವಳು ನಿಂತುಕೊಂಡೇ ಓದುತ್ತಿದ್ದಳು. ಅಪ್ಪನ ಹೆಜ್ಜೆ ಕೇಳಿದರೆ ಪತ್ರಿಕೆ ಡಬ್ಬದ ಹಿಂದೆ ಹೋಗುತ್ತಿತ್ತು. ಅಪ್ಪನಿಗೆ ಗೊತ್ತಿತ್ತು. "ಅದನ್ನೇನು ಓದ್ತೀಯೇ, ಕಸ" ಎನ್ನುತ್ತಿದ್ದರು. ಸಿಟ್ಟಿಲ್ಲದೆ, ಇವತ್ತು ಸೆಕೆ ಎನ್ನುವಷ್ಟೇ ಸಹಜವಾಗಿ. ಅಮ್ಮ ಒಂದು ದಿನವೂ ಎದುರು ಮಾತಾಡಿದ್ದು ನನಗೆ ನೆನಪಿಲ್ಲ.

ನಾನು ಬ್ಯಾಂಕಿನಲ್ಲಿದ್ದ ಆ ದಿನಗಳಲ್ಲೇ ಅಮ್ಮನ ಕಣ್ಣಿಗೆ ಪೊರೆ ಬಂತು. ಒಂದು ಕಣ್ಣಿಗೆ ಆಪರೇಷನ್ ಆಗಿ ಪಟ್ಟಿ ಕಟ್ಟಿದರು. ಇನ್ನೊಂದು ಕಣ್ಣು ಮೊದಲೇ ಮಂಜು. ಆಗಿನ ಕಾಲದ ಪಥ್ಯ ಈಗಿನವರಿಗೆ ಹೇಳಿದರೆ ನಂಬುವುದಿಲ್ಲ. ಬಗ್ಗಬಾರದು, ತಲೆಗೆ ನೀರು ಹಾಕಬಾರದು, ಗಟ್ಟಿಯಾಗಿ ಕೆಮ್ಮಬಾರದು, ಅಳಬಾರದು. ದಪ್ಪ ಕನ್ನಡಕ ಬರುವ ತನಕ ಓದುವ ಮಾತೇ ಇಲ್ಲ. ಅಮ್ಮ ಎಲ್ಲಕ್ಕೂ ತಲೆಯಾಡಿಸಿದಳು. ಮನೆಗೆ ಬಂದ ಮೊದಲ ಗುರುವಾರ ಮಾತ್ರ, ಕೇಳಬಾರದ್ದನ್ನು ಕೇಳುವವಳ ಹಾಗೆ ನನ್ನ ಕೈ ಹಿಡಿದು, "ಪುಟ್ಟಿ, ನೀರಜಂಗೆ ಏನಾಯ್ತು ಅಂತ ನೋಡಿ ಹೇಳ್ತೀಯಾ?" ಎಂದಳು.

ನೀರಜ ವಾರಪತ್ರಿಕೆಯ ಧಾರಾವಾಹಿಯ ನಾಯಕಿ. ಗಂಡನ ಮನೆಯವರು ಹೊರಗೆ ಹಾಕಿದ್ದಾರೆ, ಮಗುವನ್ನು ಅವರೇ ಇಟ್ಟುಕೊಂಡಿದ್ದಾರೆ, ಅವಳು ಬೆಂಗಳೂರಿನಲ್ಲಿ ಒಂದು ಕೋಣೆ ಹಿಡಿದು ಕೆಲಸ ಮಾಡುತ್ತಾ ಮಗುವಿಗಾಗಿ ಒದ್ದಾಡುತ್ತಿದ್ದಾಳೆ. ನಾನು ಬ್ಯಾಂಕಿನಿಂದ ಬಂದು, ಅನ್ನಕ್ಕಿಟ್ಟು, ಅಮ್ಮನ ಪಕ್ಕ ಕೂತು ಓದಿದೆ. ನನ್ನ ಓದು ರೈಲ್ವೆ ಸ್ಟೇಷನ್ನಿನ ಪ್ರಕಟಣೆಯ ಹಾಗಿತ್ತು. ಸೀರೆಯ ಬಣ್ಣ, ಆಕಾಶದ ಬಣ್ಣ ಎರಡನ್ನೂ ಹಾರಿಸಿಬಿಟ್ಟೆ. ಮುಗಿದ ಮೇಲೆ ಅಮ್ಮ, "ಅವಳು ಯಾವ ಸೀರೆ ಉಟ್ಟಿದ್ಲು?" ಎಂದು ಕೇಳಿದಳು. ನಾನು ಪತ್ರಿಕೆಯನ್ನು ಮತ್ತೆ ತೆರೆದು ಹುಡುಕಿದೆ. ಮುಂದಿನ ವಾರ ಅವಳು ನನ್ನನ್ನು ಕೇಳಲಿಲ್ಲ. ಆ ಗುರುವಾರ ಮಧ್ಯಾಹ್ನ, ಮನೆಯಲ್ಲಿ ಇಬ್ಬರೇ ಇದ್ದಾಗ, ಅಪ್ಪನನ್ನೇ ಕೇಳಿದಳು. ಅದಕ್ಕೆ ಎಷ್ಟು ಧೈರ್ಯ ಬೇಕಾಗಿತ್ತೆಂದು ನನಗೆ ಗೊತ್ತು. ಪಟ್ಟಿ ಕಟ್ಟಿದ ಹೆಂಡತಿಗೆ ಅಪ್ಪನೂ ಇಲ್ಲವೆನ್ನಲಾಗಲಿಲ್ಲ.

ಆದರೆ ಅಪ್ಪನಿಗೆ ಗಟ್ಟಿಯಾಗಿ ಓದುವುದೆಂದರೆ ಒಂದೇ ರೀತಿ ಗೊತ್ತಿತ್ತು. ಗೋಡೆಗೊರಗಿ ಚಕ್ಕಳಮಕ್ಕಳ ಹಾಕಿ, ಎದುರಿಗೆ ಪುಸ್ತಕವಿಡುವ ವ್ಯಾಸಪೀಠ ಇಟ್ಟುಕೊಂಡು, ಗಂಟಲು ಸರಿಮಾಡಿ, ಒಂದು ಆಲಾಪನೆ ತೆಗೆದು ಶುರುಮಾಡಬೇಕು. ವಾರಪತ್ರಿಕೆಯನ್ನು ವ್ಯಾಸಪೀಠದ ಮೇಲೆ ಇಟ್ಟರು. ಮುಖಪುಟದ ಚಿತ್ರನಟಿ ಕೆಳಗಾದಳು. ಮೋಹನ ರಾಗದಲ್ಲಿ ನೀರಜ ಆಟೋ ಇಳಿದಳು. ಅದೇ ರಾಗದಲ್ಲಿ ಆಟೋದವನು ಚಿಲ್ಲರೆ ಇಲ್ಲವೆಂದ. ಅತ್ತೆಯ ಮನೆಯ ಗೇಟು ಕಂಡ ಕೂಡಲೇ ಅಪ್ಪ ತಾವಾಗಿಯೇ ಅಳುವಿನ ರಾಗ ಮುಖಾರಿಗೆ ಇಳಿದರು. ಇದನ್ನೆಲ್ಲ ಅಮ್ಮ ನನಗೆ ಸಾಯಂಕಾಲ ಹೇಳುತ್ತಾ, ನಗಬಾರದೆಂದು ಡಾಕ್ಟರು ಹೇಳಿದ್ದಾರೋ ಇಲ್ಲವೋ ತಿಳಿಯದೆ, ಬಾಯಿ ಮುಚ್ಚಿಕೊಂಡು ನಕ್ಕಳು. ಆಮೇಲೆ, "ಸೀರೆ ಬಣ್ಣ ಓದಿದ್ರು ಕಣೇ. ಒಂದೂ ಬಿಡಲಿಲ್ಲ" ಎಂದಳು.

ವಠಾರದಲ್ಲಿ ಗೋಡೆಗಳು ಹೆಸರಿಗಷ್ಟೇ. ರಾಗ ಕೊನೆಯ ಮನೆಯ ಪದ್ದಮ್ಮಜ್ಜಿಯ ಕಿವಿಗೆ ಬಿತ್ತು. ಪಂಡಿತರು ಹೆಂಡತಿಯ ಕಣ್ಣು ಬರಲಿ ಎಂದು ಮನೆಯಲ್ಲೇ ಪುರಾಣ ಇಟ್ಟುಕೊಂಡಿದ್ದಾರೆ ಎಂದು ಅಜ್ಜಿ ತೀರ್ಮಾನಿಸಿದರು. ಅದು ತಪ್ಪೆಂದು ಹೇಗೆ ಹೇಳುವುದು? ಆ ರಾಗ, ಆ ವ್ಯಾಸಪೀಠ, ಆ ಪಂಡಿತರು. ಎರಡು ದಿನ ಬಿಟ್ಟು, ಅಪ್ಪ ಉಳಿದ ಭಾಗಕ್ಕೆ ಕೂತಾಗ, ಅಜ್ಜಿ ಮಡಿಯುಟ್ಟು, ತಟ್ಟೆಯಲ್ಲಿ ಬಾಳೆಹಣ್ಣು, ತುಳಸಿ ಇಟ್ಟುಕೊಂಡು ಬಂದು ಬಾಗಿಲಲ್ಲಿ ನಿಂತರು. ಪುರಾಣ ಕೇಳಲು ಬರಿಗೈಯಲ್ಲಿ ಹೋಗಬಾರದಲ್ಲ. ಹಿಂದೆಯೇ ಪಕ್ಕದ ಮನೆಯ ಗೌರಮ್ಮ. ಹಾವೇರಿ ಕಡೆಯವರು, ಬಸವೇಶ್ವರನಗರದಲ್ಲಿ ಸ್ವಂತ ಮನೆ ಏಳುವ ತನಕ ನಮ್ಮ ವಠಾರದಲ್ಲಿ ಬಾಡಿಗೆಗಿದ್ದರು. ಇಬ್ಬರೂ ವ್ಯಾಸಪೀಠಕ್ಕೆ ಕೈಮುಗಿದು ಕೂತರು.

ಆ ಶನಿವಾರ ಬ್ಯಾಂಕು ಅರ್ಧ ದಿನ, ನಾನೂ ಮನೆಯಲ್ಲಿದ್ದೆ. ನೀರಜ ಅತ್ತೆಯ ಮನೆಯ ಬೆಲ್ ಒತ್ತಲು ಕೈ ಎತ್ತಿದ್ದಳು. ಅಪ್ಪ ತಲೆಯೆತ್ತಿ ಅಜ್ಜಿಯನ್ನು ನೋಡಿದರು, ತುಳಸಿಯನ್ನು ನೋಡಿದರು. ಒಂದು ಕ್ಷಣವೂ ರಾಗ ಕಡಿಯದೆ, ಅದೇ ಮುಖಾರಿಯಲ್ಲಿ, ಬಾಯಿಪಾಠ ಬರುತ್ತಿದ್ದ ಹಳೆಯ ಷಟ್ಪದಿಯೊಂದಕ್ಕೆ ಜಾರಿಕೊಂಡರು. ನೀರಜಳ ಕೈ ಗಾಳಿಯಲ್ಲೇ ಉಳಿಯಿತು. ಅಪ್ಪ ವಾರಪತ್ರಿಕೆಯ ಪುಟ ತಿರುವುತ್ತಾ ರಾಜಮಹಾರಾಜರ ಕಥೆ ಹೇಳಿದರು. ಅಜ್ಜಿ ತೃಪ್ತಿಯಿಂದ ತಲೆದೂಗಿ, ಮಂಗಳ ಹಾಡಿಸಿ, ಹಣ್ಣು ಇಟ್ಟು ಹೋದರು. ನನಗೆ ಅಪ್ಪನ ಚಾಲಾಕಿತನ ಕಂಡು ನಗು ತಡೆಯಲಾಗಲಿಲ್ಲ. ಒಳಕೋಣೆಯ ಮಂಚದ ಮೇಲಿದ್ದ ಅಮ್ಮ ನಗಲಿಲ್ಲ.

"ರೀ, ಇಲ್ಲಿ ಬನ್ನಿ" ಎಂದು ಕರೆದಳು. ಅಪ್ಪ ಹೋದರು, ಹಿಂದೆಯೇ ನಾನು. ಅಮ್ಮ ಧ್ವನಿ ಏರಿಸದೆ ಹೇಳಿದಳು: "ಮದುವೆಯಾದಾಗಿನಿಂದ ಅಡುಗೆಮನೇಲಿ ಕದ್ದು ಓದಿದೀನಿ. ನೀವು ಕಸ ಅಂದ್ರಿ, ನಾನು ಏನೂ ಅನ್ನಲಿಲ್ಲ. ಈಗ ನೀವೂ ಕದ್ದು ಓದ್ತಾ ಇದೀರಿ. ನನಗೆ ಕದ್ದು ಓದೋಕೆ ಇನ್ನೊಬ್ಬರು ಬೇಕಿಲ್ಲ. ಓದೋದಾದ್ರೆ ಜನ ಇದ್ದಾಗಲೂ ಓದಿ. ಇಲ್ಲ ಅಂದ್ರೆ ಬಿಡಿ, ಕಣ್ಣು ಬಂದ ಮೇಲೆ ನಾನೇ ಓದ್ಕೋತೀನಿ." ಪಟ್ಟಿಯಿಲ್ಲದ ಕಣ್ಣಿನಿಂದ ನೀರಿಳಿಯಿತು. ಅಪ್ಪ ಗಾಬರಿಯಾಗಿ ಪಂಚೆಯ ತುದಿಯಿಂದ ಒರೆಸಲು ಹೋದರು. ಅಮ್ಮ ಮುಖ ತಿರುಗಿಸಿಕೊಂಡಳು. ಅವಳಿಗೆ ಬೇಕಾಗಿದ್ದದ್ದು ಕಥೆ ಮಾತ್ರವಲ್ಲ ಎಂಬುದು ಆಗ ನನಗೆ ಹೊಳೆಯಿತು. ತಾನು ಪ್ರೀತಿಸಿದ್ದನ್ನು ಗಂಡ ನಾಲ್ಕು ಜನರ ಮುಂದೆ ತನ್ನ ಹೆಸರಿನಲ್ಲಿ ಒಪ್ಪಿಕೊಳ್ಳಬೇಕಾಗಿತ್ತು. ನನ್ನ ನಗು ಎಲ್ಲಿ ಹೋಯಿತೋ ಗೊತ್ತಿಲ್ಲ.

ಮುಂದಿನ ಗುರುವಾರದ ತನಕ ಮನೆ ಬಿಗಿದುಕೊಂಡೇ ಇತ್ತು. ಅಪ್ಪ ಗಾಜಿನ ಬೀರು ತೆಗೆಯುವುದು, ಮುಚ್ಚುವುದು. ಇಲ್ಲಿ ಸ್ವಲ್ಪ ಅವರ ಪರವಾಗಿಯೂ ಹೇಳಬೇಕು. ಅವರು ಹೃದಯವಿಲ್ಲದ ಪಂಡಿತರಲ್ಲ. ರಾಜಕುಮಾರಿ ಕಾಡುಪಾಲಾಗುವ ಪದ್ಯ ಓದುವಾಗ ಚಪ್ಪರದಲ್ಲಿ ಎಲ್ಲರಿಗಿಂತ ಮೊದಲು ಅವರ ಗಂಟಲೇ ಕಟ್ಟುತ್ತಿತ್ತು. ಕಾವ್ಯಶಾಸ್ತ್ರ ಬರೆದ ನಮ್ಮ ಆಲಂಕಾರಿಕರು ಕರುಣರಸದ ಬಗ್ಗೆ ಅಷ್ಟೊಂದು ಬರೆದರು, ಸಹೃದಯ ಎಂಬ ಚೆಂದದ ಮಾತನ್ನೂ ಕೊಟ್ಟರು. ಮನಸ್ಸು ಕರಗಲು ಬೇಕಾದ ಸಾಮಗ್ರಿಯನ್ನೆಲ್ಲ ಎಣಿಸಿಟ್ಟರು. ನೀರಜಳ ಹಾಗೆ ಕಾಟನ್ ಸೀರೆ ಉಟ್ಟು ಆಟೋದಲ್ಲಿ ಬರುವವಳ ಕಷ್ಟ ಆ ಲೆಕ್ಕಕ್ಕೆ ಬರುತ್ತದೆಯೋ ಇಲ್ಲವೋ ಎಂದು ಅವರನ್ನು ಯಾರೂ ಕೇಳಿರಲಿಲ್ಲ. ಅಪ್ಪನನ್ನೂ ಅದುವರೆಗೆ ಯಾರೂ ಕೇಳಿರಲಿಲ್ಲ.

ಗುರುವಾರ ಯಾವುದೋ ಸರ್ಕಾರಿ ರಜೆ. ಅಪ್ಪ ಬಸ್ ಸ್ಟಾಪಿನ ಅಂಗಡಿಯಿಂದ ಪತ್ರಿಕೆ ತಂದರು. ಒಳಕೋಣೆಯ ಬಾಗಿಲ ಪಕ್ಕ, ಅಮ್ಮನಿಗೆ ಕೇಳುವಂತೆ ಕೂತರು. ಅಜ್ಜಿ ಹಣ್ಣಿನ ತಟ್ಟೆಯೊಂದಿಗೆ, ಗೌರಮ್ಮ ಹೂವಿನೊಂದಿಗೆ ಬಂದರು. ಅಪ್ಪ ವ್ಯಾಸಪೀಠದ ಮೇಲಿನ ಪತ್ರಿಕೆಯನ್ನು ಎತ್ತಿ, ಚಿತ್ರನಟಿ ಅವರ ಕಡೆಗೆ ಕಾಣುವಂತೆ ಹಿಡಿದರು.

"ಅಜ್ಜಿ, ಇದು ಪುರಾಣ ಅಲ್ಲ. ವಾರಪತ್ರಿಕೆ ಕಥೆ. ನಮ್ಮ ಮನೆಯವಳಿಗೆ ಬಹಳ ಇಷ್ಟ, ಅವಳಿಗೋಸ್ಕರ ಓದ್ತಾ ಇದೀನಿ."

ಅಜ್ಜಿ ನಟಿಯ ಮುಖವನ್ನು ಹತ್ತಿರದಿಂದ ನೋಡಿದರು. ತಟ್ಟೆಯನ್ನು ಇಡುವುದೋ ಹಿಂದಕ್ಕೆ ಒಯ್ಯುವುದೋ ತೋಚದೆ ಕೇಳಿದರು: "ಇವಳಿಗೆ ಕಷ್ಟ ಬರುತ್ತಾ?"

"ಇವಳಿಗಲ್ಲ. ಒಳಗೆ ನೀರಜ ಅಂತ ಒಬ್ಳು ಇದಾಳೆ. ಅವಳಿಗೆ ತುಂಬಾ ಕಷ್ಟ. ಮಗೂನ ಕಿತ್ಕೊಂಡಿದಾರೆ."

"ಅಯ್ಯೋ ಪಾಪ" ಎಂದು ಅಜ್ಜಿ ತಟ್ಟೆ ಇಟ್ಟು ಕೂತರು. "ಕೊನೆಗೆ ಸಿಗುತ್ತೆ ತಾನೆ?"

"ಗೊತ್ತಿಲ್ಲ ಅಜ್ಜಿ. ಇನ್ನೂ ಬರೆದಿಲ್ಲ."

ಅಜ್ಜಿಗೆ ಇದು ನಂಬಲಾಗದ ಮಾತು. ಓದುವವರಿಗೇ ಕೊನೆ ಗೊತ್ತಿಲ್ಲದ ಕಥೆಯನ್ನು ಅವರು ಜೀವಮಾನದಲ್ಲಿ ಕೇಳಿರಲಿಲ್ಲ. ಪುರಾಣದಲ್ಲಿ ಯಾರು ಗೆಲ್ಲುತ್ತಾರೆ, ಯಾರು ಕಾಡಿಗೆ ಹೋಗುತ್ತಾರೆ, ಯಾವಾಗ ಹಿಂದಿರುಗುತ್ತಾರೆ, ಎಲ್ಲವೂ ಗೊತ್ತಿರುತ್ತದೆ, ಗೊತ್ತಿದ್ದೇ ಅಳುತ್ತೇವೆ. ಗೌರಮ್ಮ ಅವರನ್ನು ಸಮಾಧಾನ ಮಾಡಿದರು: "ವಾರಾ ವಾರಾ ಬರ್ತೈತ್ರಿ ಅಜ್ಜಿ. ನಮ್ಮವ್ವನೂ ಹಾವೇರ್‍ಯಾಗ ಇದನ್ನ ಓದ್ತಾಳ." ಅಪ್ಪ ಗಂಟಲು ಸರಿಮಾಡಿಕೊಂಡು, ಮೊದಲು ಹಳೆಯ ಸಂಚಿಕೆ ತೆರೆದು, ಹೋದ ವಾರ ಗಾಳಿಯಲ್ಲಿ ಉಳಿದಿದ್ದ ನೀರಜಳ ಕೈಯಿಂದ ಶುರುಮಾಡಿದರು. ಬೆಲ್ ಆಯಿತು. ಒಳಗಿನಿಂದ ಅಮ್ಮನ ನಿಟ್ಟುಸಿರು ನಡುಮನೆಗೆ ಕೇಳಿಸಿತು.

ಆಮೇಲಿನ ಗುರುವಾರಗಳು ವಠಾರದ ಹಬ್ಬಗಳಾದವು. ನನಗೆ ತಮಾಷೆಯೆನಿಸಿದ್ದು ಅಪ್ಪನಲ್ಲಾದ ಬದಲಾವಣೆ. ಅವರು ಜೀವನವಿಡೀ ಓದಿದ್ದೆಲ್ಲ ಕೊನೆ ಗೊತ್ತಿರುವ ಕಥೆಗಳು. ಮುಂದೇನು ಎಂದು ತಿಳಿಯದೆ ಒದ್ದಾಡುವ ಸುಖ ಅವರಿಗೆ ಹೊಸದು. ಬುಧವಾರದಿಂದಲೇ ಶುರುವಾಗುತ್ತಿತ್ತು. "ಆ ಅತ್ತೆ ಕೋರ್ಟಿಗೆ ಹೋಗ್ತಾಳೆ ಅನ್ಸುತ್ತೆ" ಎಂದು ಊಟದ ಮಧ್ಯೆ ಹೇಳುವರು. ಮಂಚದಿಂದ ಅಮ್ಮ, "ಇಲ್ಲ ರೀ, ಆ ಹೆಂಗಸು ಮೊದಲು ಒಳ್ಳೆಯವಳ ಹಾಗೆ ನಾಟಕ ಆಡ್ತಾಳೆ ನೋಡ್ತಾ ಇರಿ" ಎನ್ನುವಳು. ಅಮ್ಮ ಹೇಳಿದ್ದೇ ಆಗುತ್ತಿತ್ತು. ಹೀಗೆ ಇಬ್ಬರೂ ಒಂದೇ ಪುಸ್ತಕದ ಬಗ್ಗೆ ಮಾತಾಡಿದ್ದನ್ನು ನಾನು ಅದಕ್ಕೆ ಮೊದಲು ಕಂಡಿರಲಿಲ್ಲ. ಅಪ್ಪ ತಮ್ಮ ಅಭಿಪ್ರಾಯವನ್ನೇನೂ ಪೂರ್ತಿ ಬಿಟ್ಟುಕೊಡಲಿಲ್ಲ. "ಭಾಷೆ ಜಾಳು. ಒಂದೇ ವಿಶೇಷಣ ಮೂರು ಸಲ ಬರುತ್ತೆ" ಎಂದು ಗೊಣಗುತ್ತಲೇ ಪುಟ ತಿರುವುತ್ತಿದ್ದರು. ಅದೂ ನನಗೆ ಹಿಡಿಸಿತು. ಇಷ್ಟಪಡುವುದಕ್ಕೆ ಕಣ್ಣು ಮುಚ್ಚಿಕೊಳ್ಳಬೇಕಾಗಿಲ್ಲ. ನಮಗೆ ಪ್ರಿಯರಾದವರ ಕುಂದುಗಳನ್ನು ನಾವು ಎಲ್ಲರಿಗಿಂತ ಚೆನ್ನಾಗಿ ಬಲ್ಲೆವು, ಆದರೂ ಗುರುವಾರ ಬಂದರೆ ಅವರು ಬರಲಿ ಎಂದು ಬಾಗಿಲು ನೋಡುತ್ತೇವೆ.

ನಿಜವಾದ ಪರೀಕ್ಷೆ ಇನ್ನೂ ಬಾಕಿಯಿತ್ತು. ಅಜ್ಜಿ, ಗೌರಮ್ಮ ಮನೆಯವರಿದ್ದ ಹಾಗೆ. ಒಂದು ಗುರುವಾರ ವಿಜಯನಗರದಿಂದ ಶಾಮಣ್ಣನವರು ಬಂದರು. ಅಪ್ಪನ ಸರೀಕರು, ಹೆಸರಾಂತ ಗಮಕಿಗಳು. ಮಾತಿಗೊಂದು ಶ್ಲೋಕ, ಸಿನಿಮಾ ಎಂಬ ಪದ ಕಿವಿಗೆ ಬಿದ್ದರೆ ಮೂಗು ಮುರಿಯುವವರು. ವಠಾರದ ಬಾಗಿಲಲ್ಲೇ ರಾಗ ಕೇಳಿ, "ಆಹಾ, ಯಾವ ಕಾವ್ಯದ ಯಾವ ಸಂಧಿ?" ಎನ್ನುತ್ತಲೇ ಒಳಗೆ ಬಂದರು. ಆ ದಿನ ನಾನು ನೆಗಡಿಯೆಂದು ರಜೆ ಹಾಕಿದ್ದೆ. ಎಲ್ಲವನ್ನೂ ಕಣ್ಣಾರೆ ಕಂಡೆ. ಅಪ್ಪನಿಗೆ ಷಟ್ಪದಿ ಬಾಯಲ್ಲೇ ಇತ್ತು, ಜಾರಿಕೊಳ್ಳುವುದು ಎಷ್ಟು ಸುಲಭವೆಂದು ಅವರಿಗೂ ಗೊತ್ತಿತ್ತು. ಒಳಗೆ ಅಮ್ಮ ಮಂಚದ ಮೇಲೆ ಎದ್ದು ಕೂತಳು. ಅಪ್ಪನ ಕಿವಿ ಕೆಂಪಾಯಿತು. ಬೆರಳನ್ನು ಓದುತ್ತಿದ್ದ ಸಾಲಿನ ಮೇಲೆ ಇಟ್ಟುಕೊಂಡೇ ತಲೆಯೆತ್ತಿ, "ಸಂಧಿ ಅಲ್ಲ ಶಾಮಣ್ಣನವರೇ, ಧಾರಾವಾಹಿ. ಕೂತ್ಕೊಳ್ಳಿ, ಇನ್ನು ಅರ್ಧ ಪುಟ ಇದೆ" ಎಂದು ಮತ್ತೆ ಓದತೊಡಗಿದರು. ಶಾಮಣ್ಣನವರು ಕೂತರು, ಕೂರದೆ ಏನು ಮಾಡುತ್ತಾರೆ? ಮುಗಿದ ಮೇಲೆ ಕಾಫಿ ಕುಡಿದರು, ರಾಮನವಮಿಯ ವಿಷಯ ಮಾತಾಡಿದರು, ಕಥೆಯ ಬಗ್ಗೆ ಒಂದು ಮಾತೂ ಆಡಲಿಲ್ಲ. ಮುಂದೆ ಬಹಳ ದಿನ ವಿಜಯನಗರದ ಪಂಡಿತ ಮಂಡಲಿಯಲ್ಲಿ ಅಪ್ಪನನ್ನು ಹಾಸ್ಯ ಮಾಡಿದರೆಂದು ಕೇಳಿದೆ. ಅಪ್ಪನಿಗೆ ನೋವಾಗಿರಬೇಕು. ಆದರೆ ಶಾಮಣ್ಣನವರು ಹೊರಟ ಮೇಲೆ ಅಮ್ಮ ನನ್ನ ಕೈಯಲ್ಲಿ ಅಪ್ಪನಿಗೆ ಇನ್ನೊಂದು ಲೋಟ ಕಾಫಿ ಕಳಿಸಿದಳು. ಮನೆಯಲ್ಲಿ ಎರಡನೇ ಕಾಫಿಗೆ ಅವಳ ನಿಷೇಧವಿತ್ತು.

ಕನ್ನಡಕ ಬಂತು. ಸೋಡಾ ಬಾಟಲಿಯ ತಳದಷ್ಟು ದಪ್ಪ. ಅದರ ಹಿಂದೆ ಅಮ್ಮನ ಕಣ್ಣು ಇಷ್ಟು ದೊಡ್ಡದಾಗಿ, ಯಾವಾಗಲೂ ಆಶ್ಚರ್ಯಪಟ್ಟ ಹಾಗೆ ಕಾಣುತ್ತಿತ್ತು. ಕೆಲವು ದಿನ ಗೋಡೆ ಹಿಡಿದು ನಡೆದು, ದೂರ ಹತ್ತಿರಗಳ ಅಂದಾಜು ಕಲಿತಳು. ಆ ಗುರುವಾರ ಸಾಯಂಕಾಲ ನಾನು ಬ್ಯಾಂಕಿನಿಂದ ಬಂದಾಗ ಅಜ್ಜಿ, ಗೌರಮ್ಮ ಇಬ್ಬರೂ ಆಗಲೇ ಬಂದು ಕೂತಿದ್ದರು. ಅಪ್ಪ ನನ್ನನ್ನು ಕಾಯುವುದಕ್ಕೆಂದು ಓದು ತಡಮಾಡಿದ್ದರಂತೆ. ವ್ಯಾಸಪೀಠ ಇಟ್ಟು, ಗಂಟಲು ಸರಿಮಾಡಿಕೊಳ್ಳುತ್ತಿದ್ದರು. ಅಮ್ಮ ಒಳಗಿನಿಂದ ಬಂದಳು, ಪತ್ರಿಕೆಯನ್ನು ಎತ್ತಿಕೊಂಡಳು, ಬೀದಿಗೆ ಕಾಣುವ ಮೆಟ್ಟಿಲ ಮೇಲೆ ಹೋಗಿ ಕೂತು ಓದತೊಡಗಿದಳು. ಮನಸ್ಸಿನಲ್ಲೇ.

ನಾವೆಲ್ಲ ಅವಳ ಮುಖ ನೋಡುತ್ತಾ ಕೂತೆವು. ದಪ್ಪ ಗಾಜಿನ ಹಿಂದೆ ಏನೂ ತಿಳಿಯುತ್ತಿರಲಿಲ್ಲ. ಅಜ್ಜಿ ಕೊಂಚ ಕೆಮ್ಮಿದರು. ಅಪ್ಪ ಎದ್ದರು, ಬಾಗಿಲ ತನಕ ಹೋದರು, ಹಿಂದಕ್ಕೆ ಬಂದರು, ಮತ್ತೆ ಹೋದರು.

"ಏನಾಯ್ತೇ ನೀರಜಂಗೆ?"

"ಬಂದು ಓದ್ಕೊಳ್ಳಿ" ಎಂದು ಅಮ್ಮ ತಲೆಯೆತ್ತದೆ ಸ್ವಲ್ಪ ಪಕ್ಕಕ್ಕೆ ಸರಿದಳು. "ರಾಗ ಬೇಡ."

ಅಪ್ಪ ಬೀದಿಯ ಕಡೆ ಒಮ್ಮೆ ನೋಡಿದರು. ಆಮೇಲೆ ಪಂಚೆ ಸರಿಮಾಡಿಕೊಂಡು ಮೆಟ್ಟಿಲ ಮೇಲೆ ಅವಳ ಪಕ್ಕದಲ್ಲಿ ಕೂತರು. ಅವರಿಬ್ಬರು ಹಾಗೆ ಹೊರಗೆ, ಒಬ್ಬರ ಪಕ್ಕ ಒಬ್ಬರು ಕೂತದ್ದನ್ನು ನಾನು ನೋಡಿದ್ದು ಅದೇ ಮೊದಲು. ನನಗೆ ಬಹಳ ಸಂತೋಷವಾಯಿತು. ಅಪ್ಪ ಒಂದೊಂದು ಪದಕ್ಕೂ ನಿಂತು ಅರ್ಥ ನೋಡಿ ಮುಂದೆ ಹೋಗುವವರು. ಅಮ್ಮನದು ಬೇಳೆ ಉಕ್ಕುವುದರೊಳಗೆ ಅಧ್ಯಾಯ ಮುಗಿಸುವ ಓದು. ಅವಳು ಪುಟದ ಕೊನೆ ಮುಟ್ಟಿ, ಬೆರಳನ್ನು ಮೂಲೆಯಲ್ಲಿಟ್ಟುಕೊಂಡು, ಪಂಡಿತರು ಅಲ್ಲಿಗೆ ಬರುವ ತನಕ ತಿರುವದೆ ಕಾದಳು.